ಒದ್ದೆ ಮಣ್ಣಿನಲ್ಲಿ ಬಾಡಿದ ಕಕ್ಕೆ ಗಿಡ: ಒಂದು ಪ್ರಕರಣ

ಗೆಳೆಯನೊಬ್ಬ ಮನೆ ಮುಂದೆ ಕಕ್ಕೆ ಗಿಡ ನೆಟ್ಟು ಆರು ವಾರ ಆಗಿತ್ತು. ಗ್ರೋ ಬ್ಯಾಗ್‌ನಲ್ಲಿ ಬೆಳೆದ, 8 ಅಡಿ ಎತ್ತರದ ಗಿಡ. ಬಂಗಾರದ ಗೊಂಚಲು ಇಳಿಬಿಟ್ಟ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರಬೇಕು ಅನ್ನುವುದು ಅವನ ಆಸೆ. ನಾನು ಹೋಗಿ ನೋಡಿದ ದಿನ ಅರ್ಧಕ್ಕರ್ಧ ಎಲೆ ಉದುರಿ ಹೋಗಿತ್ತು. ಉಳಿದದ್ದು ಹಳದಿಗಟ್ಟಿ ಜೋತು ಬಿದ್ದಿತ್ತು. ತುದಿಯ ರೆಂಬೆ ಒಣಗಿ ಕಡ್ಡಿಯಾಗಿತ್ತು.

"ದಿನಾ ಎರಡು ಬಕೆಟ್ ನೀರು ಹಾಕ್ತಿದೀನಿ ಕಣೋ. ಆದ್ರೂ ಬಾಡ್ತಾನೇ ಇದೆ. ಮೂರು ಹಾಕ್ಲಾ?" ಅಂದ.

ಅರ್ಧ ರೋಗ ಆ ಪ್ರಶ್ನೆಯಲ್ಲೇ ಇತ್ತು. ಆದರೆ ನನಗೂ ಅದು ತಕ್ಷಣ ಹೊಳೆಯಲಿಲ್ಲ. ಮೊದಲು ನಾನು ಅಂದುಕೊಂಡದ್ದು ಬೇರೆಯೇ.

ಆರು ವಾರದ ಕಥೆ

ಗಿಡ ಮುಟ್ಟುವ ಮುಂಚೆ ಕೂತು ಕಥೆ ಕೇಳುವುದು ನನ್ನ ಅಭ್ಯಾಸ. ಗಿಡ ಮಾತಾಡುವುದಿಲ್ಲ, ಮನೆಯವರು ಮಾತಾಡುತ್ತಾರೆ. ಅವರು "ಅದೇನು ಮುಖ್ಯ ಅಲ್ಲ" ಅಂತ ಬಿಟ್ಟುಬಿಡುವ ಮಾತನ್ನೇ ಹಿಡಿದುಕೊಳ್ಳಬೇಕು.

ಗುಂಡಿ ತೋಡಿದ್ದು 3 ಅಡಿ ಆಳ. ಆಳ ಹೆಚ್ಚಾದಷ್ಟೂ ಬೇರು ಚೆನ್ನಾಗಿ ಇಳಿಯುತ್ತದೆ ಅಂತ ಯಾರೋ ಹೇಳಿದ್ದರಂತೆ. ತಳಕ್ಕೆ ಒಂದು ಪದರ ಜಲ್ಲಿ, ಅದರ ಮೇಲೆ ಎರಡು ಬುಟ್ಟಿ ಗೊಬ್ಬರ, ಅದರ ಮೇಲೆ ಸಡಿಲ ಮಣ್ಣು, ಅದರ ಮೇಲೆ ಗಿಡ. ಮೊದಲ ವಾರ ಗಿಡ ಚೆನ್ನಾಗಿತ್ತು. ಎರಡನೇ ವಾರ ಕೆಳಗಿನ ಎಲೆ ಹಳದಿಯಾದವು. ಒಂದು ಬಕೆಟ್ ನೀರು ಎರಡಾಯಿತು. ಮೂರನೇ ವಾರ ಒಂದು ಹಿಡಿ ಯೂರಿಯಾ. ನಾಲ್ಕನೇ ವಾರ ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. "ಫಂಗಸ್ ಇರಬೇಕು" ಅಂತ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಕಲಸಿ ಬುಡಕ್ಕೆ ಸುರಿದ. ಐದನೇ ವಾರ ಗಿಡ ಸ್ವಲ್ಪ ವಾಲಿತು. ಪಕ್ಕಕ್ಕೆ ಒಂದು ಗೂಟ ಹೊಡೆದು ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿದ.

ನೋಡಿ, ಇದರಲ್ಲಿ ಒಂದೂ ಉದಾಸೀನದಿಂದ ಆದದ್ದಲ್ಲ. ನೆಟ್ಟು ಮರೆತುಬಿಟ್ಟಿದ್ದರೆ ಗಿಡ ಇಷ್ಟು ಕೆಡುತ್ತಿರಲಿಲ್ಲವೇನೋ.

ಮುಖ್ಯ ಸುಳಿವು ಸಿಕ್ಕಿದ್ದು ಅವನ ಅಮ್ಮನಿಂದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ನೆಟ್ಟ ದಿನ ಕಾಂಡದಲ್ಲಿರೋ ಆ ಗಂಟು ಮೇಲೆ ಕಾಣ್ತಿತ್ತಪ್ಪ. ಈಗ ಮಣ್ಣೊಳಗೆ ಹೋಗಿದೆ. ಇವನು ಬುಡದಲ್ಲಿ ಗುಳಿ ಬಿತ್ತು ಅಂತ ಎರಡು ಸಲ ಮಣ್ಣು ತಂದು ತುಂಬಿದ" ಅಂದರು. ಗೆಳೆಯ, "ಅಮ್ಮ, ಅದಕ್ಕೂ ಇದಕ್ಕೂ ಏನು ಸಂಬಂಧ?" ಅಂದ.

ಮೇಲಿನಿಂದ ಕೆಳಗೆ

ತುದಿಯಿಂದ ನೋಡುತ್ತಾ ಬಂದೆ. ಎಳೆ ಎಲೆಗಳ ಮೇಲೆ ಎರಡು ಹಸಿರು ಕಂಬಳಿಹುಳ ಇದ್ದವು. ಇವು ಕಕ್ಕೆ ಗಿಡಕ್ಕೆ ತಪ್ಪದ ನೆಂಟರು. ಕಾಮನ್ ಎಮಿಗ್ರಂಟ್ ಅನ್ನುವ ತಿಳಿ ಹಳದಿ ಚಿಟ್ಟೆಯ ಮರಿಗಳು. "ಇದೇ ಅಲ್ವಾ ಕಾರಣ?" ಅಂದ ಗೆಳೆಯ, ಕಣ್ಣಲ್ಲಿ ಆಸೆ ಇಟ್ಟುಕೊಂಡು. ಅಲ್ಲ. ಹುಳ ತಿಂದರೆ ಎಲೆಯ ಅಂಚು ಕಚ್ಚಿದ ಹಾಗೆ ಹೋಗುತ್ತದೆ. ಎಲೆ ಇಡಿಯಾಗಿ ಹಳದಿಯಾಗಿ ಜೋಲುವುದಿಲ್ಲ. ಎಲೆಯ ಹಿಂಬದಿ ಚೊಕ್ಕವಾಗಿತ್ತು. ನುಸಿ ಇಲ್ಲ, ಹಿಟ್ಟುತಿಗಣೆ ಇಲ್ಲ.

ಹಾಗಾದರೆ ಕಾಯಿಲೆ ಗಿಡದ ಯಾವ ಕಡೆ ಇದೆ? ಒಂದೇ ಮಗ್ಗುಲು ಸುಟ್ಟಿದ್ದರೆ ಬಿಸಿಲನ್ನೋ ಗೋಡೆಯ ಕಾವನ್ನೋ ಅನುಮಾನಿಸಬಹುದು. ಒಂದೇ ರೆಂಬೆ ಸತ್ತಿದ್ದರೆ ಆ ರೆಂಬೆಯನ್ನೇ ಹುಡುಕಬಹುದು. ಇಲ್ಲಿ ಇಡೀ ಗಿಡ ಒಂದೇ ಸಮ ಸೊರಗಿತ್ತು. ಹಳೆ ಎಲೆ ಮೊದಲು ಹೋಗಿ, ಆಮೇಲೆ ತುದಿ ಒಣಗಿತ್ತು. ಎಲ್ಲಾ ರೆಂಬೆಗೂ ಒಂದೇ ಹೊತ್ತಿಗೆ ತೊಂದರೆ ಆಗಬೇಕಾದರೆ, ತೊಂದರೆ ಎಲ್ಲಾ ರೆಂಬೆಗೂ ಸೇರಿದ ಜಾಗದಲ್ಲಿ ಇರಬೇಕು. ಅಂದರೆ ಬುಡ ಇಲ್ಲವೇ ಬೇರು.

ಜೀವ ಎಲ್ಲಿವರೆಗೆ ಇದೆ ಅಂತ ತಿಳಿಯಲು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಾಗಿ ತೇವ ಇದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇಲ್ಲ. ತುದಿಯಿಂದ ಒಂದೂವರೆ ಅಡಿ ಸತ್ತಿತ್ತು. ಅದರ ಕೆಳಗೆ ಎಲ್ಲೆಲ್ಲೂ ಹಸಿರು. ಅವತ್ತಿನ ಮೊದಲ ಒಳ್ಳೆ ಸುದ್ದಿ ಅದು.

ಈಗ ನನ್ನ ತಪ್ಪು ಊಹೆ ಹೇಳುತ್ತೇನೆ. ಗ್ರೋ ಬ್ಯಾಗ್ ಗಿಡಗಳ ಬೇರಿನ ಉಂಡೆಯಲ್ಲಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರುತ್ತದೆ. ಅಂಥ ಉಂಡೆ ಒಮ್ಮೆ ಪೂರ್ತಿ ಒಣಗಿದರೆ ಕೆಲವೊಮ್ಮೆ ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲಿನ ಮಣ್ಣು ಕೆಸರಾಗಿದ್ದರೂ ಉಂಡೆಯ ನಡುವೆ ಒಣ. ಇಂಥ ಗಿಡ ನೀರಿನ ಮಧ್ಯೆ ನಿಂತು ಬಾಯಾರಿ ಸಾಯುತ್ತದೆ. ಇಲ್ಲೂ ಅದೇ ಇರಬೇಕು ಅಂದುಕೊಂಡು ಒಂದು ಸಣ್ಣ ಕಬ್ಬಿಣದ ಸರಳನ್ನು ಕಾಂಡದ ಪಕ್ಕದಲ್ಲೇ ಇಳಿಸಿದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಹೊರಗೆ ಎಳೆದಾಗ ತುದಿಯಿಂದ ನೀರು ತೊಟ್ಟಿಕ್ಕಿತು. ಮೂಗಿಗೆ ಹಿಡಿದೆ. ಕೊಳೆತ ಮೊಟ್ಟೆಯ ವಾಸನೆ. ಸುಮ್ನೆ ಗೆಳೆಯನ ಕೈಗೆ ಕೊಟ್ಟೆ. ಅವನು ಮುಖ ಹಿಂಡಿದ.

ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಮಣ್ಣಿನಲ್ಲಿ ಗಾಳಿ ಮುಗಿದ ಮೇಲೆ, ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದಾಗ ಬರುತ್ತದೆ. ಒಳ್ಳೆಯ ಮಣ್ಣು ಮೊದಲ ಮಳೆಯ ಹಾಗೆ ಘಮಿಸಬೇಕು, ಚರಂಡಿಯ ಹಾಗೆ ನಾರಬಾರದು.

ಬುಡದ ಉಬ್ಬು ಎಲ್ಲಿ?

ಯಾವ ಮರವನ್ನಾದರೂ ನೋಡಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ, ಆನೆಯ ಪಾದದ ಹಾಗೆ ಹರಡುತ್ತದೆ. ಅಲ್ಲಿಂದ ಕೆಳಗೆ ಬೇರು, ಮೇಲೆ ಕಾಂಡ. ಕಾಂಡದ ತೊಗಟೆ ಗಾಳಿಯಲ್ಲಿ ಇರಲು ಆದದ್ದು. ಒದ್ದೆ ಮಣ್ಣಲ್ಲಿ ಹೂತರೆ ಮೆತ್ತಗಾಗಿ ಕೊಳೆಯುತ್ತದೆ. ಎಳೆ ಗಿಡದಲ್ಲಿ ಈ ಉಬ್ಬು ಅಷ್ಟು ಎದ್ದು ಕಾಣದಿದ್ದರೂ ಬೆರಳಿಗೆ ಸಿಗುತ್ತದೆ.

ಈ ಕಕ್ಕೆ ನೆಲದಿಂದ ನೆಟ್ಟಗೆ, ವಿದ್ಯುತ್ ಕಂಬದ ಹಾಗೆ ಎದ್ದಿತ್ತು. ಕೈಯಿಂದ ಮಣ್ಣು ಕೆದಕುತ್ತಾ ಹೋದೆ. ಮೊದಲ ದಪ್ಪ ಬೇರು ಸಿಕ್ಕಿದ್ದು 12 ಸೆಂಟಿಮೀಟರ್ ಕೆಳಗೆ.

ಲೆಕ್ಕ ಹಾಕಿದೆವು. ಬ್ಯಾಗ್‌ನಲ್ಲೇ ಸುಮಾರು 5 ಸೆಂಟಿಮೀಟರ್ ಮಣ್ಣು ಹೆಚ್ಚಿತ್ತು. ಗಿಡವನ್ನು ಚಿಕ್ಕ ಬ್ಯಾಗ್‌ನಿಂದ ದೊಡ್ಡದಕ್ಕೆ ಹಾಕುವಾಗ ಮೇಲೆ ಮಣ್ಣು ತುಂಬುತ್ತಾರೆ, ಹೀಗಾಗುವುದು ತೀರಾ ಸಾಮಾನ್ಯ. ಉಳಿದ 7 ಸೆಂಟಿಮೀಟರ್ ನೆಟ್ಟ ಮೇಲೆ ಆದದ್ದು. ತಳದ ಸಡಿಲ ಮಣ್ಣು ಮತ್ತು ಗೊಬ್ಬರ ನೀರು ಬಿದ್ದು ಕುಸಿದಿತ್ತು, ಗಿಡವೂ ಅದರ ಜೊತೆ ಇಳಿದಿತ್ತು. ಮೇಲೆ ಗುಳಿ ಬಿತ್ತು. ಗೆಳೆಯ ಅದಕ್ಕೆ ಮಣ್ಣು ತುಂಬಿದ. ಅಮ್ಮ ಹೇಳಿದ ಗಂಟು ಮುಚ್ಚಿಹೋದದ್ದು ಹೀಗೆ. ಯಾರೂ ಗಿಡವನ್ನು ಆಳಕ್ಕೆ ನೆಟ್ಟಿರಲಿಲ್ಲ, ಅದೇ ಮುಳುಗಿತ್ತು.

ಹೂತು ಹೋಗಿದ್ದ ತೊಗಟೆ ಒಂದು ಕಡೆ ಕಪ್ಪಾಗಿ ಮೆತ್ತಗಿತ್ತು. ಚಾಕುವಿನಿಂದ ಚೂರು ಕೆತ್ತಿದರೆ ಒಳಗೆ ಕಂದು. ಪಕ್ಕಕ್ಕೆ ಸರಿಯುತ್ತಾ ಹೋದಂತೆ ತಿಳಿ ಹಸಿರು ಮಿಶ್ರಿತ ಬಿಳಿ ಸಿಕ್ಕಿತು. ಕಾಂಡದ ಸುತ್ತಳತೆಯಲ್ಲಿ ಕಾಲು ಭಾಗ ಸತ್ತಿತ್ತು, ಮುಕ್ಕಾಲು ಉಳಿದಿತ್ತು. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ನಾನು "ಇದನ್ನು ಬಿಡು, ಬೇರೆ ನೆಡು" ಅಂತ ಹೇಳುತ್ತಿದ್ದೆ. ಹಾಗೆ ಹೇಳುವುದೂ ಒಂದು ಉಪಕಾರವೇ.

ನೀರು ಯಾಕೆ ನಿಂತಿತು

ಕಾಂಡದಿಂದ ಒಂದು ಮಾರು ದೂರದಲ್ಲಿ, ಕೈ ಹಾಕದ ನೆಲದಲ್ಲಿ, 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿದೆವು. ಅದು ಇಂಗಿದ ಮೇಲೆ ಮತ್ತೆ ತುಂಬಿ, ಕಡ್ಡಿಯಲ್ಲಿ ಗುರುತು ಮಾಡಿ ಗಡಿಯಾರ ನೋಡಿದೆವು. ಗಂಟೆಗೆ 2.5 ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದರೆ ಚಿಂತೆಯಿಲ್ಲ. ಇಲ್ಲಿ ಒಂದು ಗಂಟೆಯಲ್ಲಿ ಇಳಿದದ್ದು ಅರ್ಧ ಸೆಂಟಿಮೀಟರ್. ಮನೆ ಕಟ್ಟುವಾಗ ಲಾರಿ ಓಡಾಡಿ ಗಟ್ಟಿಯಾದ ಜೇಡಿಮಣ್ಣು. ಅದರಲ್ಲಿ 3 ಅಡಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದ್ದು, ತಳ ಸೋರದ ತೊಟ್ಟಿಯಲ್ಲಿ ಗಿಡ ಇಟ್ಟ ಹಾಗೆ ಆಗಿತ್ತು.

"ಅದಕ್ಕೇ ಅಲ್ವಾ ಜಲ್ಲಿ ಹಾಕಿದ್ದು?" ಅಂದ ಗೆಳೆಯ. ಈ ನಂಬಿಕೆ ಎಷ್ಟು ಗಟ್ಟಿ ಅಂದರೆ ಯಾರ ಜೊತೆ ವಾದ ಮಾಡಿದರೂ ಸೋಲುವುದು ನಾನೇ. ಸಣ್ಣ ಕಣದ ಮಣ್ಣಿನಿಂದ ನೀರು ಸಲೀಸಾಗಿ ಜಲ್ಲಿಗೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು, ಹಿಡಿದುಕೊಳ್ಳಲಾಗದಷ್ಟು ಆದ ಮೇಲೆಯೇ ಕೆಳಗೆ ಹನಿ ಬೀಳುತ್ತದೆ. ಅಡುಗೆ ಮನೆಯ ಸ್ಪಂಜನ್ನು ಒದ್ದೆ ಮಾಡಿ ಜಲ್ಲಿ ಮೇಲೆ ಇಟ್ಟು ನೋಡಿ, ನೀರು ಸ್ಪಂಜಲ್ಲೇ ಉಳಿಯುತ್ತದೆ. ಅಂದರೆ ಜಲ್ಲಿ ಹಾಕಿದ್ದರಿಂದ ಕೆಸರು ಬೇರಿಗೆ ಇನ್ನಷ್ಟು ಹತ್ತಿರ ಬಂತು, ಅಷ್ಟೇ.

ಇನ್ನು ನೀರಿನಲ್ಲಿ ನಿಂತ ಗಿಡ ಯಾಕೆ ಬಾಡುತ್ತದೆ? ಬೇರು ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಅದು ಸಿಗುತ್ತದೆ. ಸಂದುಗಳಲ್ಲಿ ನೀರು ತುಂಬಿದರೆ ಕಷ್ಟ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ, ಆಮೇಲೆ ಸಾಯುತ್ತದೆ. ಎಲೆಗೆ ನೀರು ತಲುಪುವುದಿಲ್ಲ. ಎಲೆ ಬಾಡುತ್ತದೆ. ನೋಡುವವರಿಗೆ ಅದು ಥೇಟ್ ಬಾಯಾರಿಕೆಯ ಹಾಗೇ ಕಾಣುತ್ತದೆ. ಬಕೆಟ್ ಎತ್ತುತ್ತಾರೆ. ಇನ್ನಷ್ಟು ಬೇರು ಸಾಯುತ್ತದೆ, ಇನ್ನಷ್ಟು ಬಾಡುತ್ತದೆ, ಇನ್ನೊಂದು ಬಕೆಟ್.

ಯೂರಿಯಾ ಕೂಡ ಇದೇ ಸಾಲಿಗೆ ಸೇರುತ್ತದೆ. ತಿನ್ನುವ ಬಾಯಿ ಇಲ್ಲದಾಗ ಊಟ ಬಡಿಸಿದ ಹಾಗೆ. ಉಳಿದ ನಾಲ್ಕು ಬೇರಿನ ತುದಿಯನ್ನೂ ಅದು ಸುಟ್ಟಿರಬೇಕು. ಎಲೆ ಅಂಚು ಕಂದಾದದ್ದು ಯೂರಿಯಾ ಹಾಕಿದ ಮುಂದಿನ ವಾರವೇ.

ಕಾರ್ಬೆಂಡಜಿಮ್ ವಿಷಯ ಸ್ವಲ್ಪ ಬೇರೆ. ನೀರು ನಿಂತ ಜಾಗದಲ್ಲಿ ಬೇರು ಕೊಳೆಸುವ ದೊಡ್ಡ ಕಳ್ಳ ಫೈಟಾಫ್ತೊರ ಅನ್ನುವ ಸೂಕ್ಷ್ಮಜೀವಿ. ಈ ಹೆಸರು ಕೊಟ್ಟದ್ದು ಆಂಟನ್ ಡಿ ಬ್ಯಾರಿ ಎಂಬ ಜರ್ಮನ್ ವಿಜ್ಞಾನಿ, 1876ರಲ್ಲಿ. ಗ್ರೀಕ್‌ನಲ್ಲಿ ಅದರ ಅರ್ಥ ಗಿಡ ನಾಶಕ. ಅದು ನೋಡಲು ಶಿಲೀಂಧ್ರದ ಹಾಗೆ ಇದ್ದರೂ ನಿಜವಾದ ಶಿಲೀಂಧ್ರ ಅಲ್ಲ. ಅದರ ಬೀಜಕಣಗಳಿಗೆ ಬಾಲ ಇರುತ್ತದೆ, ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ಕಾರ್ಬೆಂಡಜಿಮ್ ಅದಕ್ಕೆ ಏನೂ ಮಾಡುವುದಿಲ್ಲ. ಈ ಗಿಡದಲ್ಲಿ ಅದು ಇತ್ತೋ ಇಲ್ಲವೋ ಪ್ರಯೋಗಾಲಯಕ್ಕೆ ಕಳಿಸದೆ ಹೇಳುವ ಹಾಗಿಲ್ಲ, ನಾವು ಕಳಿಸಲಿಲ್ಲ. ಇದ್ದರೂ ಇಲ್ಲದಿದ್ದರೂ ನೀರು ಬಸಿಯದೆ ಬೇರೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ.

ಮೂರು ದಾರಿ

ಸುಮ್ಮನೆ ನೀರು ನಿಲ್ಲಿಸಿ ಒಣಗಲು ಬಿಡಬಹುದಿತ್ತು. ಗೆಳೆಯನಿಗೆ ಅದೇ ಇಷ್ಟ. ಆದರೆ ಗಂಟೆಗೆ ಅರ್ಧ ಸೆಂಟಿಮೀಟರ್ ಇಳಿಯುವ ನೆಲ ಒಣಗುವ ಹೊತ್ತಿಗೆ ಗಿಡ ಉಳಿಯುವುದು ಅನುಮಾನ. ಒಂದು ಜೋರು ಮಳೆ ಬಂದರೆ ಮತ್ತೆ ಮೊದಲಿನ ಹಾಗೇ.

ಎರಡನೆಯದು, ಬುಡದ ಸುತ್ತ 12 ಸೆಂಟಿಮೀಟರ್ ಮಣ್ಣು ತೆಗೆದು ಉಬ್ಬು ಕಾಣುವಂತೆ ಮಾಡುವುದು. ನೆಟ್ಟು ಎರಡು ಮೂರು ವರ್ಷ ಆಗಿ, ನೀರು ಬಸಿಯುವ ನೆಲ ಆಗಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ. ಇಲ್ಲಿ ಮಾಡಿದರೆ ಕಾಂಡದ ಸುತ್ತ ಒಂದು ಬಟ್ಟಲು ಆಗುತ್ತಿತ್ತು. ಆ ಬಟ್ಟಲಲ್ಲೂ ನೀರೇ.

ಮೂರನೆಯದು, ಇಡೀ ಗಿಡ ಎಬ್ಬಿಸಿ ಎತ್ತರಕ್ಕೆ ಮತ್ತೆ ನೆಡುವುದು. ಸೊರಗಿದ ಗಿಡವನ್ನು ಕೀಳುವುದು ಅಂದರೆ ಎದೆ ಧಸಕ್ ಅನ್ನುತ್ತದೆ ನಿಜ. ಆದರೆ ಆರೇ ವಾರ ಆಗಿತ್ತು. ಹೊಸ ಬೇರು ಹೊರ ಮಣ್ಣಿಗೆ ಹೋಗಿರುವ ಸಾಧ್ಯತೆ ಕಡಿಮೆ, ಹರಿಯುವುದು ಹೆಚ್ಚೇನೂ ಇರಲಿಲ್ಲ. ಆರು ತಿಂಗಳಾಗಿದ್ದರೆ ಈ ಲೆಕ್ಕ ತಿರುಗುತ್ತಿತ್ತು. ನಾವು ಮೂರನೆಯದನ್ನೇ ಹಿಡಿದೆವು.

ಎಬ್ಬಿಸಿದ ದಿನ

ಮೋಡದ ಸಂಜೆ ನೋಡಿಕೊಂಡು ಕೈ ಹಾಕಿದೆವು. ಮೊದಲು ಹಗ್ಗ ಬಿಚ್ಚಿದೆ. ಅದು ಆಗಲೇ ತೊಗಟೆಯೊಳಗೆ ಗೆರೆ ಕೊರೆದಿತ್ತು. ಆಮೇಲೆ ಉಂಡೆಯ ಸುತ್ತ ಮಣ್ಣು ಬಿಡಿಸಿ, ಕೆಳಗೆ ಸನಿಕೆ ತೂರಿಸಿ, ಗೋಣಿಯ ಮೇಲೆ ಜಾರಿಸಿಕೊಂಡೆವು. ಕಾಂಡ ಹಿಡಿದು ಎಳೆಯುವ ಹಾಗಿಲ್ಲ. ಭಾರವೆಲ್ಲ ಉಂಡೆಯ ಕೆಳಗಿಂದ ಬರಬೇಕು.

ತಳದಲ್ಲಿ ಗ್ರೋ ಬ್ಯಾಗ್‌ನ ಅಡಿ ಹಾಗೇ ಇತ್ತು! ಮಗ್ಗುಲು ಮಾತ್ರ ಕೊಯ್ದು ಬ್ಯಾಗ್ ತೆಗೆದಿದ್ದರು. ನನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಕೇಳುವುದನ್ನೂ ಮರೆತಿದ್ದೆ.

ಪೈಪ್‌ನಲ್ಲಿ ಮೆಲ್ಲಗೆ ನೀರು ಬಿಟ್ಟು ಉಂಡೆಯ ಹೊರಮಣ್ಣು ತೊಳೆದೆವು. ಬೇರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದು ನೋಡಿದೆ. ಕೊಳೆತ ಬೇರನ್ನು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಜೀವ ಇರುವ ಬೇರು ಗಟ್ಟಿ, ಮುರಿದರೆ ಒಳಗೆ ಬಿಳಿ. ತಳದ ಬೇರೆಲ್ಲ ಸತ್ತಿದ್ದವು. ಮೇಲಿನ ಮೂರನೇ ಒಂದು ಭಾಗದಲ್ಲಿ ಒಳ್ಳೆಯವು ಉಳಿದಿದ್ದವು. ಗಾಳಿಗೆ ಹತ್ತಿರ ಇದ್ದವು ಬದುಕಿದ್ದವು, ಅಷ್ಟೇ. ಸತ್ತದ್ದನ್ನು ಚೂಪು ಕತ್ತರಿಯಿಂದ ಕತ್ತರಿಸಿ ತೆಗೆದೆ. ಬ್ಯಾಗ್‌ನ ಗೋಡೆಗೆ ತಗುಲಿ ಸುತ್ತು ಹಾಕಿದ್ದ ಎರಡು ಬೇರುಗಳಲ್ಲಿ ಒಂದನ್ನು ಬಿಡಿಸಿ ನೇರ ಮಾಡಿದೆ, ಬಗ್ಗದ ಇನ್ನೊಂದನ್ನು ಕತ್ತರಿಸಿದೆ. ಇಂಥವನ್ನು ಹಾಗೇ ಬಿಟ್ಟರೆ ಮರ ದಪ್ಪವಾದಾಗ ತನ್ನ ಕುತ್ತಿಗೆಗೆ ತಾನೇ ಉರುಳು ಹಾಕಿಕೊಳ್ಳುತ್ತದೆ.

ಹಳೆ ಗುಂಡಿಯಿಂದ ಜಲ್ಲಿ, ಕಪ್ಪಾದ ಗೊಬ್ಬರ ಎಲ್ಲ ಹೊರಗೆ ಹಾಕಿದೆವು. ಅದೇ ಜೇಡಿಮಣ್ಣನ್ನು ಒಂದೊಂದು ಪದರವಾಗಿ ತುಳಿದು, ಗುಂಡಿಯನ್ನು ಹೆಚ್ಚು ಕಡಿಮೆ ನೆಲಮಟ್ಟಕ್ಕೆ ತಂದೆವು. ತಳ ಗಟ್ಟಿ ಇರಬೇಕು, ಇನ್ನೊಂದು ಸಲ ಕುಸಿಯಬಾರದು. ಸುತ್ತಲೂ 5 ಅಡಿ ಅಗಲಕ್ಕೆ ಮೇಲ್ಮಣ್ಣನ್ನು ಪಿಕಾಸಿಯಲ್ಲಿ ಸಡಿಲ ಮಾಡಿದೆವು. ಬೇರು ಹೋಗುವುದು ಮುಖ್ಯವಾಗಿ ಪಕ್ಕಕ್ಕೆ, ಪಾತಾಳಕ್ಕಲ್ಲ. ಗಿಡವನ್ನು ದಿಬ್ಬದ ಮೇಲೆ, ಬುಡದ ಉಬ್ಬು ಪಕ್ಕದ ನೆಲಕ್ಕಿಂತ 15 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ಕೂರಿಸಿ, ತೋಟದ ಮಣ್ಣನ್ನೇ ಇಳಿಜಾರಾಗಿ ಒತ್ತರಿಸಿದೆವು. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಎರಡು ಗೂಟ, ಹಳೆ ಬಟ್ಟೆಯ ಅಗಲ ಪಟ್ಟಿ, ಗಾಳಿಗೆ ಸ್ವಲ್ಪ ಓಲಾಡುವಷ್ಟು ಸಡಿಲ. ಓಲಾಡಿದರೇ ಕಾಂಡ ಗಟ್ಟಿಯಾಗುವುದು.

ಗೆಳೆಯ ಕತ್ತರಿ ಹಿಡಿದು "ಅರ್ಧ ರೆಂಬೆ ಕತ್ತರಿಸಲಾ? ಬೇರು ಕಡಿಮೆ ಆಯ್ತಲ್ಲ" ಅಂದ. ಬೇಡ ಅಂದೆ. ಹೊಸ ಬೇರಿಗೆ ಸಕ್ಕರೆ ಬರುವುದು ಎಲೆಯಿಂದ. ತುದಿಯ ಸತ್ತ ಒಂದೂವರೆ ಅಡಿ ಮಾತ್ರ ತೆಗೆದೆವು. ಕೊಳೆತ ತೊಗಟೆಯ ಜಾಗಕ್ಕೆ ಡಾಂಬರು, ಬಣ್ಣ ಏನೂ ಬಳಿಯಲಿಲ್ಲ. ಅಮೆರಿಕದ ಮರಗಳ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ನಮ್ಮ ಚರ್ಮದ ಹಾಗೆ ಮಾಯಿಸಿಕೊಳ್ಳುವುದಿಲ್ಲ, ಕೆಟ್ಟ ಭಾಗಕ್ಕೆ ಒಳಗೇ ಗೋಡೆ ಕಟ್ಟಿ ಪಕ್ಕದಲ್ಲಿ ಹೊಸದಾಗಿ ಬೆಳೆಯುತ್ತದೆ. ಬಳಿದ ಬಣ್ಣ ಆ ಗೋಡೆಗೆ ಸಹಾಯ ಮಾಡುವುದಿಲ್ಲ. ಗಾಳಿ ಆಡಿದರೆ ಸಾಕು.

ಆಮೇಲೆ

ನೀರಿಗೆ ಒಂದೇ ನಿಯಮ ಇಟ್ಟೆವು. ಬೇರಿನ ಉಂಡೆಯೊಳಗೆ ಬೆರಳುದ್ದ ಕಡ್ಡಿ ಚುಚ್ಚಿ ತೆಗೆ. ಮಣ್ಣು ಅಂಟಿಕೊಂಡು ಬಂದರೆ ಬಕೆಟ್ ಮುಟ್ಟಬೇಡ. ಒಣಗಿ ಬಂದರೆ 10 ಲೀಟರ್, ನಿಧಾನವಾಗಿ. ಮೊದಲ ತಿಂಗಳು ಮೂರು ನಾಲ್ಕು ದಿನಕ್ಕೊಮ್ಮೆ ಬೇಕಾಯಿತು.

ಹತ್ತನೇ ದಿನ ಫೋನ್. ಉಳಿದಿದ್ದ ಎಲೆಯೂ ಉದುರಿತ್ತು. "ಕೊಂದುಬಿಟ್ವಲ್ಲೋ" ಅಂದ. ನನಗೂ ಹೊಟ್ಟೆಯಲ್ಲಿ ಒಂಥರಾ ಆಯಿತು, ಸುಳ್ಳು ಯಾಕೆ ಹೇಳಲಿ. ತೊಗಟೆ ಕೆರೆಯಲು ಹೇಳಿದೆ. ಹಸಿರು ಇತ್ತು. ಕಾಯೋಣ ಅಂದೆ.

ಐದನೇ ವಾರ ಎಲೆ ಬಿದ್ದ ಕಂಕುಳಲ್ಲಿ ಸಣ್ಣ ಮೊಗ್ಗು ಉಬ್ಬಿದವು. ಏಳನೇ ವಾರ ತಾಮ್ರ ಬಣ್ಣದ ಎಳೆ ಚಿಗುರು. ಕಕ್ಕೆಯ ಎಳೆ ಎಲೆ ಮೊದಮೊದಲು ಮೆತ್ತಗೆ ಕೆಳಗೆ ಜೋತು ಬಿದ್ದಿರುತ್ತದೆ, ಅದು ಅದರ ಗುಣ. ಗೆಳೆಯ ಜೋತ ಎಲೆ ನೋಡಿದ, ಬಕೆಟ್ ತುಂಬಿಯೇಬಿಟ್ಟಿದ್ದ. ಅಮ್ಮ ತಡೆದರು. "ಕಡ್ಡಿ ಚುಚ್ಚಿ ನೋಡೋ ಮೊದ್ಲು" ಅಂದರಂತೆ. ಕಡ್ಡಿಗೆ ಮಣ್ಣು ಅಂಟಿ ಬಂತು.

ಚಿಗುರಿನ ಬೆನ್ನಿಗೇ ಕಂಬಳಿಹುಳಗಳೂ ಬಂದವು. ಬಲಿತ ಮರ ಆಗಿದ್ದರೆ ತಿಂದುಕೊಳ್ಳಲಿ ಬಿಡು ಅನ್ನುತ್ತಿದ್ದೆ. ಈ ಗಿಡಕ್ಕೆ ಒಂದೊಂದು ಎಲೆಯೂ ಲೆಕ್ಕ. ಬೆಳಗ್ಗೆ ಎದ್ದು ಕೈಯಿಂದ ಆರಿಸಿದ. ಔಷಧಿ ಹೊಡೆಯಲಿಲ್ಲ.

ತುದಿ ಹೋದದ್ದರಿಂದ ಎರಡು ರೆಂಬೆ ಪೈಪೋಟಿಗೆ ಬಿದ್ದು ಮೇಲೆದ್ದವು. ನೆಟ್ಟಗಿದ್ದದ್ದನ್ನು ಬಿಟ್ಟು ಇನ್ನೊಂದನ್ನು ಅರ್ಧಕ್ಕೆ ಮೊಟಕು ಮಾಡಿದೆವು. ಒಂದು ವರ್ಷಕ್ಕೆ ಗೂಟ ತೆಗೆದೆವು. ಗಿಡ ತಾನೇ ನಿಂತಿತು.

ಬೇಸಿಗೆ ಹತ್ತಿರ ಬಂದಾಗ ಮತ್ತೆ ಎಲ್ಲ ಎಲೆ ಉದುರಿತು. ಕಕ್ಕೆ ಒಣ ದಿನಗಳಲ್ಲಿ ಬೋಳಾಗುವ ಮರ. ಈ ಸಲ ಫೋನ್ ಬರಲಿಲ್ಲ, ಒಂದು ಫೋಟೋ ಬಂತು: ಉಗುರಿನಿಂದ ಕೆರೆದ ತೊಗಟೆ, ಒಳಗೆ ಹಸಿರು. ಹೂ ಇನ್ನೂ ಬಿಟ್ಟಿಲ್ಲ. ಬುಡದ ಸತ್ತ ಕಾಲು ಭಾಗದ ಎರಡೂ ಅಂಚಿನಿಂದ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ ಬರುತ್ತಿದೆ. ನಡುವೆ ಇನ್ನೂ ಎರಡು ಬೆರಳಿನಷ್ಟು ಅಂತರ ಇದೆ.